ಎಲ್ಲರೂ ನಕ್ಕು ಮುಗಿಸಿದ ಮೇಲೆ

ನನ್ನ ತಮ್ಮ ತೀರಿಕೊಂಡ ಮೇಲೂ ಏಳೆಂಟು ತಿಂಗಳು ಪ್ರತಿ ಶನಿವಾರ ಸಂಜೆ ಟಿವಿಯಲ್ಲಿ ನಗುತ್ತಿದ್ದ. ಹೀಗೆ ಬರೆದರೆ ನನ್ನ ತಲೆ ಕೆಟ್ಟಿದೆ ಅನ್ನಿಸಬಹುದು. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಅಪ್ಪ ಇದ್ದಾಗ ನಾವು ದೇವನೂರಿನ ಕಡೆ ಒಂದು ಹಳ್ಳಿಯಲ್ಲಿದ್ದೆವು. ಅಪ್ಪ ಹೋದ ಮೇಲೆ ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ನಂಜನಗೂಡಿಗೆ ಬಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಸೇರಿದಳು. ಒಂದು ವಠಾರದಲ್ಲಿ ಎರಡು ಕೋಣೆಯ ಮನೆ. ಪಕ್ಕದ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರು ಸಾರಿಗೆ ಒಗ್ಗರಣೆ ಹಾಕಿದರೆ ನಮಗೆ ಸದ್ದು ಕೇಳುತ್ತಿತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ನಾಲ್ಕು ವರ್ಷ ಮನೆಯಲ್ಲಿದ್ದು, ಟಿ. ನರಸೀಪುರಕ್ಕೆ ಮದುವೆಯಾಗಿ ಹೋದೆ.

ತಮ್ಮನಿಗೆ ಓದು ಹತ್ತಲಿಲ್ಲ. ಹೋಟೆಲ್ ಕೆಲಸ ಹಿಡಿದ. ಇಪ್ಪತ್ತೈದರ ಹೊತ್ತಿಗೆ ಒಂದು ಹೋಟೆಲಿನ ಒಲೆಯನ್ನು ಒಬ್ಬನೇ ನೋಡಿಕೊಳ್ಳುವಷ್ಟಾಗಿದ್ದ. ಹೋಟೆಲಿನವರಿಗೆ ಅಡುಗೆ ಮಾಡುವವನು ಯಾರೇ ಆಗಲಿ ಭಟ್ಟನೇ. ಇವನನ್ನೂ ಭಟ್ರೇ ಅಂತಲೇ ಕರೆಯುತ್ತಿದ್ದರು. ನಾವು ಮುದ್ದೆ, ಬಾಡು ಉಣ್ಣುವ ಜನ. ಅವನು ಮನೆಗೆ ಬಂದರೆ ಅವ್ವ, "ಭಟ್ರು ಬಂದ್ರು, ಬಾಡು ಇಕ್ಕವ್ವ" ಎಂದು ನನ್ನ ಕಡೆ ಕಣ್ಣು ಮಿಟುಕಿಸುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಮೈಸೂರು ರಸ್ತೆಯಲ್ಲಿ ಬಾಗಿಲು ಹಾಕಿದ್ದ ಒಂದು ದೊಡ್ಡ ಹೋಟೆಲನ್ನು ಟಿವಿಯವರು ಬಾಡಿಗೆಗೆ ಹಿಡಿದರು. ಹೋಟೆಲಿನ ಅಡುಗೆಮನೆಯೊಳಗೇ ನಡೆಯುವ ಹಾಸ್ಯ ಧಾರಾವಾಹಿ. ಜಿಪುಣ ಯಜಮಾನ, ತಾನು ಅರಮನೆಗೇ ಅಡುಗೆ ಮಾಡಿದವನು ಎಂದು ಬೊಗಳೆ ಬಿಡುವ ಭಟ್ಟ, ಇಡ್ಲಿ ಕೇಳಿದವರಿಗೆ ಪೂರಿ ಕೊಡುವ ಸಪ್ಲೈಯರ್, ಇವರೆಲ್ಲರನ್ನೂ ಕುಣಿಸುವ ಒಬ್ಬಳು ಹಿಟ್ಟು ರುಬ್ಬುವ ಹೆಂಗಸು. ವಾರಕ್ಕೊಂದು ಗಲಾಟೆ, ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಗುತ್ತಿತ್ತು. ಒಲೆ ನಿಜವಾಗಿ ಉರಿಯಬೇಕು, ಪಾತ್ರೆಯಿಂದ ಆವಿ ಏಳಬೇಕು, ದೋಸೆ ಕಲ್ಲು ಕಾದಿರಬೇಕು. ಆ ನಟರಲ್ಲಿ ಒಬ್ಬರಿಗೂ ಒಲೆ ಹಚ್ಚಲು ಬರುತ್ತಿರಲಿಲ್ಲವಂತೆ. ಅದಕ್ಕೆ ನನ್ನ ತಮ್ಮನನ್ನೂ, ನರಸೀಪುರದ ಕಡೆಯ ಇನ್ನೊಬ್ಬ ಅಡುಗೆಯವನನ್ನೂ ಇಟ್ಟುಕೊಂಡರು. ಒಲೆಯೂ ಇವರದೇ, ಶೂಟಿಂಗಿನ ಜನಕ್ಕೆಲ್ಲ ಮಧ್ಯಾಹ್ನದ ಅಡುಗೆಯೂ ಇವರದೇ.

ಧಾರಾವಾಹಿ ಟಿವಿಯಲ್ಲಿ ಶುರುವಾಗುವುದಕ್ಕೆ ಮೊದಲು ಒಂದು ಸಂಜೆ ಅವನು ನಮ್ಮ ನರಸೀಪುರದ ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ.

"ಅಕ್ಕ, ಇವತ್ತು ನಂಗೆ ನಗೋ ಕೆಲ್ಸ ಕೊಟ್ಟಿದ್ರು ಕಣಕ್ಕ."

"ನಗೋದೂ ಒಂದ್ ಕೆಲ್ಸವಾ?"

"ಊ ಮತ್ತೆ. ಮದ್ಯಾನ ಊಟ ಆದ್ಮೇಲೆ ಡ್ರೈವರು, ಲೈಟಿನೋರು, ಮೇಕಪ್ಪಿನೋರು, ನಾವು, ಎಲ್ಲಾರ್ನೂ ಸಾಲಾಗಿ ಕೂರ್ಸುದ್ರು. ಮುಂದ್ಕೆ ಮೈಕು ಮಡಗುದ್ರು. ನಗ್ರಪ್ಪ ಅಂದ್ರು. ಯಾತಕ್ಕೆ ಸಾ ಅಂದೆ. ಯಾತಕ್ಕಾದ್ರೂ ನಗಯ್ಯ, ಕಾರಣ ಆಮೇಲೆ ನಾವು ಆಕ್ಕತೀವಿ ಅಂದ್ರು."

ಸಣ್ಣ ನಗು, ದೊಡ್ಡ ನಗು, ಹೊಟ್ಟೆ ಹಿಡಿದುಕೊಂಡು ನಗುವ ನಗು, ಎಲ್ಲವನ್ನೂ ಬೇರೆ ಬೇರೆಯಾಗಿ ಹಿಡಿದುಕೊಂಡರಂತೆ. ಧಾರಾವಾಹಿಯಲ್ಲಿ ಯಾರಾದರೂ ತಮಾಷೆ ಮಾಡಿದಾಗ ಹಿಂದಿನಿಂದ ಜನ ನಗುವ ಸದ್ದು ಬರುತ್ತದಲ್ಲ, ಅದಕ್ಕೆ.

ಅವನ ನಗುವಿನ ವಿಷಯ ಹೇಳಬೇಕು. ಯಾರಾದರೂ ನಗಿಸಿದರೆ ಎಲ್ಲರೂ ನಗುವಾಗ ಅವನು ಸುಮ್ಮನೆ ಅವರ ಬಾಯಿ ನೋಡುತ್ತಿದ್ದ. ಎಲ್ಲರೂ ನಕ್ಕು ಮುಗಿಸಿ ಬೇರೆ ಮಾತಿಗೆ ಹೋಗುವ ಹೊತ್ತಿಗೆ ಅವನಿಗೆ ತಲೆಗೆ ಹತ್ತುತ್ತಿತ್ತು. ಆಗ ಒಬ್ಬನೇ ಹೆಹ್ಹೆಹ್ಹೆ ಎಂದು ಶುರುಮಾಡಿ, ಕೊನೆಗೆ ಉಸಿರನ್ನು ಒಳಕ್ಕೆ ಎಳೆದುಕೊಂಡು ಒಂದು ಸಲ ಹೀಕ್ ಅನ್ನುತ್ತಿದ್ದ. ಎಣ್ಣೆ ಕಾಣದ ಬಾವಿಯ ರಾಟೆ ಒಂದು ಸುತ್ತು ತಿರುಗಿ ನಿಂತ ಹಾಗೆ. ಆ ದಿನವೂ ಹಾಗೇ ಆಯಿತಂತೆ. ಸೌಂಡಿನವರು ಕಿವಿಗೆ ಹಾಕಿಕೊಂಡಿದ್ದನ್ನು ತೆಗೆದು, "ರೀ ಭಟ್ರೇ, ನಿಮ್ಮ ಬಸ್ಸು ಯಾವಾಗ್ಲೂ ಲೇಟಾ?" ಎಂದರಂತೆ. ಮತ್ತೆ ಕೇಳಿ ನೋಡಿ, "ಇರ್ಲಿ ಬಿಡಿ. ಎಲ್ಲರ ನಗು ಒಟ್ಟಿಗೇ ನಿಂತ್ರೆ ನಲ್ಲಿ ತಿರುಗಿಸಿದ ಹಾಗಿರುತ್ತೆ. ನಿಮ್ಮದೊಂದು ಬಾಲ ಇದ್ರೆ ಚೆನ್ನಾಗಿದೆ" ಎಂದು ಹಾಗೇ ಉಳಿಸಿಕೊಂಡರಂತೆ.

"ಅವ್ವಂಗೆ ಯೋಳ್ಬ್ಯಾಡ ಕಣಕ್ಕ" ಎಂದ. "ನನ್ನ ಎತ್ತೋಳಲ್ವಾ? ಅವ್ಳೇ ಕಂಡಿಡೀಲಿ. ಎಷ್ಟು ವಾರ ಬೇಕಾಯ್ತದೆ ನೋಡುವ."

ಹೇಳುವುದಿಲ್ಲ ಎಂದು ಒಪ್ಪಿಕೊಂಡೆ.

ಶನಿವಾರಗಳಲ್ಲಿ ಅವನು ಕೆಲಸದಿಂದ ಬೇಗ ಬಂದು ಅವ್ವನ ಪಕ್ಕದಲ್ಲೇ ಕುಳಿತು ಧಾರಾವಾಹಿ ನೋಡುತ್ತಿದ್ದ. ನಾನು ತವರಿಗೆ ಹೋದಾಗ ಎರಡು ಮೂರು ಸಲ ನಾನೂ ಜೊತೆಗಿದ್ದೆ. ಅವ್ವನಿಗೆ ಕಥೆ ಬೇಕಿರಲಿಲ್ಲ, ಅಡುಗೆಮನೆ ಬೇಕಿತ್ತು.

"ಅದೇನ್ಲಾ ಅವ್ನು, ಕಾದ ಕಲ್ಲಿಗೆ ನೀರು ಎರಚ್ದೆ ಇಟ್ಟು ಉಯ್ತಾನೆ?"

"ನಾಟ್ಕ ಕಣವ್ವ."

"ನಾಟ್ಕ ಅಂತ ಕಲ್ಲಿಗೆ ಗೊತ್ತಾ? ದ್ವಾಸೆ ಏಳ್ತದಾ?"

"ಏಳ್ದಿದ್ರೆ ನಾನು ಎಬ್ಬುಸ್ತೀನಿ. ಅವ್ನು ಮಕ ತೋರುಸ್ತಾನೆ."

ಹಿಂದುಗಡೆ ದೊಡ್ಡ ಹಂಡೆಯೊಂದರಿಂದ ಯಾವಾಗಲೂ ಆವಿ ಏಳುತ್ತಿತ್ತು. ಅದರಲ್ಲಿ ಏನು ಬೇಯುತ್ತಿದೆ ಎಂದು ಅವ್ವ ಕೇಳಿದಳು. ಬರೀ ನೀರು, ಆವಿ ಕಾಣಲಿ ಎಂದು ಬೆಳಗಿನಿಂದ ಕುದಿಸುತ್ತೇವೆ ಎಂದ. ಅವ್ವನ ಮುಖ ಬದಲಾಯಿತು. ಬಚ್ಚಲ ಒಲೆ ಬಿಟ್ಟರೆ, ನಮ್ಮ ಕಡೆ ಹಂಡೆ ತುಂಬ ನೀರು ಕಾಯಿಸಿ ಅದಕ್ಕೆ ಏನೂ ಹಾಕದೆ ಇರುವುದು ಒಂದೇ ದಿನ, ಹೆಣಕ್ಕೆ ನೀರು ಹಾಕುವ ದಿನ.

"ಒಂದಿಡಿ ಅಕ್ಕಿನಾದ್ರೂ ಆಕ್ಲಾ ಅದುಕ್ಕೆ" ಎಂದಳು.

"ಆಯ್ತು ಆಕ್ತೀನಿ ಬುಡವ್ವ" ಎಂದು ನಕ್ಕ. ಹಾಕಿದನೋ ಇಲ್ಲವೋ ಗೊತ್ತಿಲ್ಲ.

ಟಿವಿಯೊಳಗೆ ಎಲ್ಲರೂ ನಕ್ಕು ನಿಂತ ಮೇಲೆ ಆ ಒಂದು ನಗು ಬರುತ್ತಿತ್ತು. ಅದೇ ಹೊತ್ತಿಗೆ ಇವನಿಗೂ ತಮಾಷೆ ಹೊಳೆದು ಕೋಣೆಯೊಳಗೂ ನಗುತ್ತಿದ್ದ. ಎರಡೂ ಒಂದರ ಮೇಲೊಂದು ಬೀಳುತ್ತಿದ್ದವು. ಪಕ್ಕದಲ್ಲೇ ಕೂತ ಮಗನ ನಗು ಕೇಳುತ್ತಿರುವಾಗ ಅವ್ವ ಟಿವಿಯೊಳಗೆ ಇನ್ನೊಂದನ್ನು ಯಾಕೆ ಹುಡುಕುತ್ತಾಳೆ? ಅವನು ನನ್ನ ಕಡೆ ನೋಡಿ, ಇಲ್ಲ, ಇನ್ನೂ ಸಿಕ್ಕಿಲ್ಲ ಎನ್ನುವ ಹಾಗೆ ಕತ್ತು ಅಲ್ಲಾಡಿಸುತ್ತಿದ್ದ. ಅವನು ಎದ್ದು ಹೋದರೆ ಮಾತ್ರ ಸಿಗುತ್ತದೆ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಅವನಿಗೆ ಕಾಮಾಲೆ ಬಂತು. ಮೊದಲು ಒಗ್ಗರಣೆಯ ವಾಸನೆ ಆಗುತ್ತಿಲ್ಲ ಎಂದ. ಅಡುಗೆಯವನಿಗೆ ಎಣ್ಣೆ ವಾಸನೆ ಆಗದಿದ್ದರೆ ಹೇಗೆ ಎಂದು ನಾವೇ ತಮಾಷೆ ಮಾಡಿದೆವು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಇನ್ನೂ ಹತ್ತು ದಿನ ಒಲೆಯ ಮುಂದೆ ನಿಂತ. ಹಳ್ಳಿಯ ಕಡೆ ಸೊಪ್ಪಿನ ಔಷಧಿ ಕೊಡಿಸಿದೆವು. ಪಥ್ಯ ಮಾಡಿದ. ಮೈಸೂರಿನ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಅವನ ಕಣ್ಣು ಅರಿಶಿನದ ನೀರಿನ ಹಾಗಾಗಿತ್ತು. ನಾಲ್ಕನೇ ದಿನ ಬೆಳಿಗ್ಗೆ ಹೋದ. ವಠಾರದ ಅಂಗಳದಲ್ಲಿ ಮೂರು ಕಲ್ಲಿಟ್ಟು ಹಂಡೆಯಲ್ಲಿ ನೀರು ಕಾಯಿಸಿದರು. ಅವ್ವ ಆ ಆವಿಯನ್ನೇ ನೋಡುತ್ತ ಕುಳಿತಿದ್ದಳು.

ಸೂತಕದ ಮನೆಯಲ್ಲಿ ಟಿವಿ ಹಾಕುವುದಿಲ್ಲ. ಮಿಕ್ಕವರ ಮನೆಗಳಲ್ಲಿ ಹನ್ನೊಂದನೇ ದಿನದ ತಿಥಿ ಮುಗಿದ ಮೇಲೆ ಮೆಲ್ಲಗೆ ಹಾಕಿಕೊಳ್ಳುತ್ತಾರೆ. ನಮ್ಮ ಅವ್ವ ಅವನು ಹೋದ ದಿನವೇ ಟಿವಿಯ ಮುಖವನ್ನು ಗೋಡೆಗೆ ತಿರುಗಿಸಿ ಅವನ ಪಂಚೆಯೊಂದನ್ನು ಅದರ ಮೇಲೆ ಹೊದಿಸಿದಳು. ವರ್ಷ ತುಂಬುವವರೆಗೆ ತೆಗೆಯುವುದಿಲ್ಲ ಎಂದಳು. ಹಬ್ಬ ಇಲ್ಲ, ಹೂವಿಲ್ಲ, ಇನ್ನೊಬ್ಬರ ಹೊಸ್ತಿಲು ದಾಟುವುದಿಲ್ಲ.

ಕೊಟ್ಟ ಹೆಣ್ಣಿಗೆ ಮೂರೇ ದಿನದ ಸೂತಕ. ತಿಥಿ ಮುಗಿಸಿಕೊಂಡು ನಾನು ನರಸೀಪುರಕ್ಕೆ ವಾಪಸಾದೆ. ನಮ್ಮ ಮನೆಯ ಟಿವಿಗೆ ಯಾವ ಬಟ್ಟೆಯೂ ಇರಲಿಲ್ಲ. ಮೊದಲ ಶನಿವಾರ ಒಲೆಯ ಮೇಲೆ ಮುದ್ದೆ ತೊಳಸುತ್ತಿದ್ದೆ. ನನ್ನ ಗಂಡ ವಾರ್ತೆ ಮುಗಿಸಿ ಟಿವಿ ಆರಿಸುವುದನ್ನು ಮರೆತು ಹೊರಗೆ ಹೋಗಿದ್ದರು. ಧಾರಾವಾಹಿಯ ಹಾಡು ಬಂತು. ಸಪ್ಲೈಯರ್ ಏನೋ ಅಂದ. ಎಲ್ಲರೂ ನಕ್ಕರು, ನಿಲ್ಲಿಸಿದರು. ಆಮೇಲೆ ಅವನೊಬ್ಬ ನಕ್ಕ. ಹೀಕ್.

ಮುದ್ದೆ ಕೋಲನ್ನು ಹಿಡಿದುಕೊಂಡೇ ಹೊರಗೆ ಬಂದೆ. ಪರದೆಯ ಮೇಲೆ ಭಟ್ಟನ ವೇಷದವನು ಹುಬ್ಬು ಹಾರಿಸುತ್ತಿದ್ದ, ಹಿಂದೆ ಹಂಡೆಯಿಂದ ಆವಿ ಏಳುತ್ತಿತ್ತು. ಆ ಒಲೆಯನ್ನು ಹಚ್ಚಿದ ಕೈ ಮಣ್ಣಾಗಿ ಹದಿನೈದು ದಿನವಾಗಿತ್ತು.

ಅವನ ಜೊತೆ ಕೆಲಸ ಮಾಡುತ್ತಿದ್ದ ಆ ಇನ್ನೊಬ್ಬ ಅಡುಗೆಯವನು ಒಂದು ದಿನ ನರಸೀಪುರದ ಸಂತೆಯಲ್ಲಿ ಸಿಕ್ಕಾಗ ಕೇಳಿದೆ. ತಮ್ಮ ಇದ್ದಾಗ ತೆಗೆದ ಕಂತುಗಳೆಲ್ಲ ಎಂದೋ ಮುಗಿದವು, ಈಗಿನವು ಹೊಸವು ಎಂದ.

"ನಗು ಮಾತ್ರ ಅದೇ ಟೇಪು ಕಣಕ್ಕ. ಎಲ್ಲಾರ್ನೂ ಇನ್ನೊಂದ್ಸಲ ಯಾರು ಕೂರ್ಸಿ ನಗುಸ್ತಾರೆ?"

ಅಂದರೆ ಅವನು ಸತ್ತ ಮೇಲೆ ಬರೆದ ಮಾತಿಗೂ ಅವನು ನಗುತ್ತಿದ್ದ. ಅದು ನನಗೆ ಅರ್ಥವಾದ ದಿನದಿಂದ ಆ ಧಾರಾವಾಹಿಯನ್ನು ನೋಡುವುದೇ ಬೇರೆಯಾಯಿತು. ಕಥೆ ಕಿವಿಗೆ ಬೀಳುತ್ತಿರಲಿಲ್ಲ. ತಮಾಷೆ ಬಂದರೆ ಉಸಿರು ಬಿಗಿಹಿಡಿಯುತ್ತಿದ್ದೆ. ಎಲ್ಲ ಸಲವೂ ಅವನ ಬಾಲ ಇರುತ್ತಿರಲಿಲ್ಲ. ಕೆಲವು ಕಡೆ ಮುಂದಿನ ಮಾತು ಬೇಗ ಬಂದು ಕತ್ತರಿಸುತ್ತಿತ್ತು. ಅರ್ಧ ಗಂಟೆಗೆ ಮೂರು ಸಲ, ನಾಲ್ಕು ಸಲ. ಒಂದು ವಾರ ಒಂದೇ ಸಲ. ಟೇಪ್ ರೆಕಾರ್ಡರನ್ನು ಟಿವಿಯ ಮುಂದಿಟ್ಟು ಹಿಡಿಯಲು ನೋಡಿದೆ. ಆಮೇಲೆ ಹಾಕಿ ಕೇಳಿದರೆ ನಮ್ಮ ಫ್ಯಾನಿನ ಸದ್ದಿನ ನಡುವೆ ಯಾರೋ ಜರಡಿ ಹಿಡಿಯುತ್ತಿರುವ ಹಾಗಿತ್ತು. ಅದರಲ್ಲಿ ಅವನಿರಲಿಲ್ಲ.

ಒಂದು ವಾರದ ಕಥೆಯಲ್ಲಿ ಭಟ್ಟ ರಜೆ ಬೇಕೆಂದು ಹುಷಾರಿಲ್ಲದ ನಾಟಕ ಮಾಡುತ್ತಾನೆ. ಮುಖಕ್ಕೆ ಅರಿಶಿನ ಬಳಿದುಕೊಂಡು ಕಾಮಾಲೆ ಅನ್ನುತ್ತಾನೆ. ಯಜಮಾನ ಅವನ ಕೆನ್ನೆ ಒರೆಸಿ, ಆ ಬೆರಳನ್ನು ಸಾರಿನ ಪಾತ್ರೆಗೆ ಅದ್ದುತ್ತಾನೆ, ಅರಿಶಿನ ಉಳಿಯಿತು ಎಂದು. ದೊಡ್ಡ ನಗು. ಎಲ್ಲರೂ ನಿಲ್ಲಿಸಿದ ಮೇಲೆ ಇವನೂ ನಕ್ಕ. ನಾನು ಎದ್ದು ಟಿವಿ ಆರಿಸಿದೆ. ಅವನ ಮೇಲೆ ಸಿಟ್ಟು ಬಂದಿತ್ತು. ಅದಕ್ಕೂ ನಗುತ್ತೀಯಲ್ಲ ಅಂತ. ಸ್ವಲ್ಪ ಹೊತ್ತಿಗೆ ಮತ್ತೆ ಹಾಕಿದೆ. ಆಗ ಜಾಹೀರಾತು ಬರುತ್ತಿತ್ತು.

ಅವ್ವನಿಗೆ ಹೇಳಲಿಲ್ಲ. ಅವಳೇ ಕಂಡುಹಿಡಿಯಲಿ ಎಂದು ಅವನು ಅಂದಿದ್ದ ಎಂಬುದು ನಾನು ನನಗೆ ಹೇಳಿಕೊಳ್ಳುತ್ತಿದ್ದ ನೆಪ. ಅವಳು ತಡೆದುಕೊಳ್ಳುತ್ತಾಳೋ ಇಲ್ಲವೋ ಎಂಬ ಭಯ ಇತ್ತು, ಅದು ನಿಜ. ಅದಕ್ಕಿಂತ ನಿಜವಾದದ್ದು ಇನ್ನೊಂದು. ಅವನಿದ್ದಾಗ ಅವನು ಅವ್ವನವನು. ಈಗ ಶನಿವಾರದ ಅರ್ಧ ಗಂಟೆ ನನ್ನವನಾಗಿದ್ದ. ಹಂಚಿಕೊಳ್ಳಲು ಮನಸ್ಸು ಬರಲಿಲ್ಲ.

ನಾಲ್ಕನೇ ತಿಂಗಳಲ್ಲಿ ತವರಿಗೆ ಹೋದಾಗ ಅವ್ವ ಅವನ ಫೋಟೋ ಒರೆಸುತ್ತಿದ್ದಳು. ರೇಷನ್ ಕಾರ್ಡಿಗೆಂದು ತೆಗೆಸಿದ್ದ ಸಣ್ಣ ಫೋಟೋವನ್ನು ದೊಡ್ಡದು ಮಾಡಿಸಿದ್ದೆವು.

"ಮಕ ಇಲ್ಲೇ ಅದೆ" ಎಂದಳು. "ಸದ್ದು ಎಲ್ಲಿ ಅದೆ ಕಣೆ? ಮೊದ್ಲು ಮೊದ್ಲು ಕಿವೀಲಿತ್ತು. ಅವ್ವ ಅಂತ ಕರದಂಗೆ ಕೇಳ್ತಿತ್ತು. ಈಗ ನೆನುಸ್ಕೊಂಡ್ರೂ ನಂದೇ ದ್ವನಿ ಬತ್ತದೆ, ಅವುಂದು ಬರಲ್ಲ. ಒಂದ್ಸಲ, ಒಂದೇ ಸಲ ಅವನ ಸದ್ದು ಕೇಳ್ಬುಟ್ರೆ ಸಾಕು ಅನ್ನುಸ್ತದೆ."

ಅಂದು ಶನಿವಾರ. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಮನೆಯ ಟಿವಿಯಲ್ಲಿ ಆ ಹಾಡು ಶುರುವಾಯಿತು. ಗೋಡೆಯಾಚೆ ಜನ ನಕ್ಕರು. ಅವ್ವ ಫೋಟೋ ಕೆಳಗಿಟ್ಟು ಎದ್ದಳು. ನಾನೂ ಹಿಂದೆಯೇ ಹೋದೆ. ಪಕ್ಕದವರು ಬಸ್ ಕಂಡಕ್ಟರ್ ಮನೆಯವರು, ಒಳ್ಳೆಯ ಜನ. ಅವ್ವ ಅವರ ಹೊಸ್ತಿಲು ತುಳಿಯದೆ ಅಂಗಳದಲ್ಲೇ ನಿಂತು ಕೂಗಿದಳು.

"ಗೋಡೆ ಈಚೆಗೆ ಮಗನ್ನ ಕಳ್ಕೊಂಡು ಕುಂತಿವ್ನಿ. ಗೋಡೆ ಆಚೆಗೆ ನೀವು ಇಷ್ಟು ಜನ ಸೇರ್ಸಿ ನಗುಸ್ತಿದ್ದೀರಲ್ಲ, ಒಪ್ತದೇನವ್ವಾ?"

ಕಂಡಕ್ಟರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದರು. "ತಪ್ಪಾಯ್ತು ಕಣವ್ವ. ನಾವು ನಗ್ನಿಲ್ಲ ಕಣವ್ವ, ಅದೇ ನಗ್ತದೆ."

ಒಳಗೆ ಯಾರೋ ಟಿವಿಯ ಸದ್ದು ಇಳಿಸಿದರು. ಇಳಿಯುವ ಮುಂಚೆ ಎಲ್ಲರೂ ನಕ್ಕು ಮುಗಿಸಿದ್ದರು. ಅವನದು ಶುರುವಾಗಿತ್ತು. ಹೆಹ್ಹೆ ಎಂಬಲ್ಲಿಗೆ ಸದ್ದು ಹೋಯಿತು.

ಅವ್ವ ಒಳಗೆ ಬಂದು ಮತ್ತೆ ಫೋಟೋ ಕೈಗೆತ್ತಿಕೊಂಡಳು. ಅವಳ ಪಕ್ಕದಲ್ಲೇ ನಿಂತಿದ್ದ ನಾನು ಏನೂ ಹೇಳಲಿಲ್ಲ. ಅಂದಿನಿಂದ ಶನಿವಾರ ಸಂಜೆ ಆ ವಠಾರದ ಆರು ಮನೆಗಳಲ್ಲೂ ಟಿವಿ ಬಾಯಿ ಮುಚ್ಚಿಕೊಂಡೇ ಓಡುತ್ತಿತ್ತು. ನಾನು ನರಸೀಪುರದಲ್ಲಿ ಕೂತು ಕೇಳುತ್ತಿದ್ದೆ.

ಹೀಗೆ ಇನ್ನೂ ನಾಲ್ಕು ತಿಂಗಳು ಕಳೆಯಿತು. ಒಂದು ಶನಿವಾರ ಧಾರಾವಾಹಿ ಮುಗಿದ ಮೇಲೆ, ಮುಂದಿನ ವಾರ ಕೊನೆಯ ಸಂಚಿಕೆ ಎಂದು ಪರದೆಯ ಮೇಲೆ ಬಂತು. ಓದಿದೆ. ಅವನು ಇನ್ನೊಂದು ಸಲ ಸಾಯಲು ವಾರ ಗೊತ್ತಾಗಿತ್ತು.

ಆ ಶನಿವಾರ ಮಧ್ಯಾಹ್ನ ಸುತ್ತೂರಿನ ಮೇಲೆ ನಂಜನಗೂಡಿಗೆ ಹೋಗುವ ಬಸ್ಸು ಹತ್ತಿದೆ. ಅವ್ವ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಎದುರಿಗೆ ಕುಳಿತೆ.

"ಅವ್ವ, ಪಕ್ಕದ ಮನೆ ಟಿವಿಲಿ ನಗ್ತಿದ್ರಲ್ಲ ಜನ. ಅದ್ರೊಳ್ಗೆ ಅವನವ್ನೆ."

"ಯಾರು?"

"ಅವನೇ ಕಣವ್ವ."

ಎಲ್ಲ ಹೇಳಿದೆ. ಮೈಕಿನ ವಿಷಯ, ಸೌಂಡಿನವರು ಬಾಲ ಉಳಿಸಿಕೊಂಡದ್ದು, ಅವ್ವನೇ ಕಂಡುಹಿಡಿಯಲಿ ಎಂದು ಅವನು ಅಂದದ್ದು, ಇವತ್ತೇ ಕೊನೆ ಎನ್ನುವುದು. ಅವಳ ಕೈ ಅಕ್ಕಿಯ ಮೇಲೆ ನಿಂತಿತ್ತು.

"ನಾನೇ ನಿಲ್ಲುಸ್ಬುಟ್ಟೆ ಅವತ್ತು."

"ಊ."

"ನೀನು ಪಕ್ಕದಲ್ಲೇ ನಿಂತಿದ್ದೆ."

"ಊ ಕಣವ್ವ."

"ನೀನು ಎಷ್ಟು ಸಲ ಕೇಳ್ದೆ?"

"ಪ್ರತಿ ಸನಿವಾರ."

"ಪ್ರತಿ ಸನಿವಾರ" ಎಂದು ತನಗೇ ಹೇಳಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಟಿವಿಯ ಮೇಲಿನ ಪಂಚೆ ತೆಗೆಯಲು ಎದ್ದೆ. ಬೇಡ ಎಂದಳು. ವರ್ಷ ತುಂಬದೆ ಅದನ್ನು ತೆಗೆಯುವುದಿಲ್ಲ ಎಂದು ಅವನ ಹೆಣದ ಮುಂದೆ ಅಂದುಕೊಂಡಿದ್ದಳು. ಹಾಗಾದರೆ ಪಕ್ಕದ ಮನೆಗೆ ಹೋಗೋಣ ಎಂದೆ. ಅಲ್ಲಿ ಬಸುರಿ ಮಗಳು ಬಂದಿದ್ದಾಳೆ, ಸಾವಿನ ಮನೆಯವಳು ನಾನು ಹೇಗೆ ಕಾಲಿಡಲಿ ಎಂದಳು. ನನಗೆ ಅಳು ಬಂತು. ಇವಳು ಕೇಳುವುದೇ ಇಲ್ಲವೇ ಎಂದು.

ಅವ್ವ ಮೊರ ಬದಿಗಿಟ್ಟು, ಮಣೆಯೊಂದನ್ನು ತೆಗೆದುಕೊಂಡು ಹೋಗಿ ನಡುಗೋಡೆಗೆ ಒತ್ತಿ ಹಾಕಿಕೊಂಡು ಕುಳಿತಳು.

"ಓಗು. ಜೋರಾಗಿ ಮಡಗ್ಲಿ ಅಂತ ಯೋಳು."

ಕಂಡಕ್ಟರ ಹೆಂಡತಿಗೆ ನನ್ನ ಮಾತು ಮೊದಲು ನಂಬಿಕೆಯೇ ಆಗಲಿಲ್ಲ. "ಜೋರಾಗಾ? ನಿಮ್ಮವ್ವನೇ ಯೋಳುದ್ರಾ? ಅವರ ಬಯಕ್ಕೆ ಮೊನ್ನೆ ವಾರ್ತೆ ಓದೋನೂ ಪಿಸಪಿಸ ಅಂತಿದ್ದ ಕಣವ್ವ ನಮ್ಮನೇಲಿ." ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ಯಾಕೆ ಎಂದು ಕೇಳಲಿಲ್ಲ. ಗಂಡನನ್ನು ಕರೆದರು. ಇಬ್ಬರೂ ಸೇರಿ ಟಿವಿಯನ್ನು ಮೇಜಿನ ಸಮೇತ ನಮ್ಮ ಗೋಡೆಗೆ ತಳ್ಳಿದರು.

ನಾನು ಬಂದು ಅವ್ವನ ಪಕ್ಕ ನೆಲದ ಮೇಲೆ ಕುಳಿತೆ. ಹಾಡು ಗೋಡೆಯೊಳಗಿಂದಲೇ ಬಂದಂತೆ ಬಂತು.

ಕೊನೆಯ ಸಂಚಿಕೆಯಲ್ಲಿ ನಗಿಸುವುದಿಲ್ಲ ಎಂದು ನನಗೆ ತಿಳಿದಿರಲಿಲ್ಲ. ಕಥೆಯಲ್ಲಿ ಹೋಟೆಲ್ ಮುಚ್ಚುತ್ತಿತ್ತು. ಒಬ್ಬೊಬ್ಬರೂ ಒಬ್ಬೊಬ್ಬರಿಗೆ ಕೈ ಮುಗಿಯುತ್ತಿದ್ದರು. ಭಟ್ಟ ತಾನು ಅರಮನೆಯ ಬಾಗಿಲನ್ನೂ ನೋಡಿಲ್ಲ ಎಂದು ಒಪ್ಪಿಕೊಂಡ. ಹಿಂದಿನಿಂದ ಪಿಟೀಲು. ಗೋಡೆಯಾಚೆ ಕಂಡಕ್ಟರ ಹೆಂಡತಿ ಮೂಗು ಸೀನುವುದು ಕೇಳಿಸಿತು. ಇಲ್ಲಿ ಅವ್ವ, ನಾನು, ಯಾರಾದರೂ ಒಂದು ತಮಾಷೆ ಮಾಡಲಿ ಎಂದು ಕೈ ಹಿಸುಕಿಕೊಳ್ಳುತ್ತಿದ್ದೆವು.

"ಯಾಕೆ ನಗ್ತಿಲ್ಲ?" ಎಂದಳು ಅವ್ವ.

"ತಡಿಯವ್ವ."

ಸಪ್ಲೈಯರ್ ಏನೋ ಅಂದ, ಜನ ನಕ್ಕರು. ಅವ್ವ ಗೋಡೆಗೆ ಕೈ ಊರಿದಳು. ತಟ್ಟನೆ ಪಿಟೀಲು ಬಂದು ನುಂಗಿಕೊಂಡಿತು. ಇನ್ನೊಂದು ಸಲವೂ ಹಾಗೇ ಆಯಿತು. ಜಾಹೀರಾತು ಬಂತು, ಹೋಯಿತು. ಮುಗಿಯಲು ಐದು ನಿಮಿಷವಿದ್ದಿರಬೇಕು.

ಆಮೇಲೆ ಯಜಮಾನ, ಹಿಟ್ಟು ರುಬ್ಬುವವಳ ಹತ್ತಿರ ಬಂದು, ಇಷ್ಟು ವರ್ಷದಲ್ಲಿ ನಮ್ಮ ಹೋಟೆಲಿನ ಕಾಫಿ ನಾನೇ ಕುಡಿದಿಲ್ಲ, ಕೊನೆಗೆ ಒಂದು ಲೋಟ ಕೊಡು ಎಂದ. ಅವಳು ಕೊಟ್ಟಳು. ಅವನು ಒಂದು ಗುಟುಕು ಕುಡಿದು, ಇದನ್ನಾ ನಾವು ಜನಕ್ಕೆ ಕೊಡ್ತಿದ್ದದ್ದು ಎಂದ. ಜನ ನಕ್ಕರು. ದೊಡ್ಡ ನಗು. ಅದು ಇಳಿಯಿತು, ನಿಂತಿತು. ಯಾರೂ ಮಾತಾಡಲಿಲ್ಲ. ಪಿಟೀಲೂ ಬರಲಿಲ್ಲ.

ಗೋಡೆಯೊಳಗಿಂದ ಅವನು ನಕ್ಕ. ಪೂರ್ತಿ ನಕ್ಕ. ಕೊನೆಗೆ ಉಸಿರು ಎಳೆದುಕೊಂಡ.

ಅವ್ವ ಅಲುಗಾಡಲಿಲ್ಲ. ಅವಳ ಕೆನ್ನೆ ಗೋಡೆಗೆ ತಾಗಿತ್ತು. ಸುಣ್ಣ ಹತ್ತಿಕೊಂಡಿತ್ತು. ಧಾರಾವಾಹಿ ಮುಗಿಯಿತು, ಮುಂದಿನ ಕಾರ್ಯಕ್ರಮ ಶುರುವಾಯಿತು, ಪಕ್ಕದವರು ಟಿವಿ ಆರಿಸಿದರು. ಅವಳು ಹಾಗೇ ಕುಳಿತಿದ್ದಳು. ಅತ್ತುಬಿಡುತ್ತಾಳೆ, ಹಿಡಿದುಕೊಳ್ಳಬೇಕು ಎಂದು ನಾನು ಕಾಯುತ್ತಿದ್ದೆ. ಅವಳು ಕೇಳಿದ್ದು ಬೇರೆ.

"ಅವತ್ತು ಅವ್ನು ಉಂಡಿದ್ನಾ?"

"ಯಾವತ್ತವ್ವ?"

"ನಗುಸ್ದ ದಿನ. ಉಂಡಿದ್ನಾ, ಅಸ್ಕೊಂಡೇ ನಕ್ನಾ?"

ಮಧ್ಯಾಹ್ನ ಊಟ ಆದ ಮೇಲೆ ಎಂದು ಅವನು ನನಗೆ ಹೇಳಿದ್ದ. ಆದರೆ ಅಡುಗೆಯವರ ಬಾಯಲ್ಲಿ ಊಟ ಆದ ಮೇಲೆ ಎಂದರೆ ಬಡಿಸಿಕೊಂಡವರ ಊಟ ಆದ ಮೇಲೆ. ಅವರದು ಎಲ್ಲ ಮುಗಿದು, ಪಾತ್ರೆ ತಳ ಕಂಡ ಮೇಲೆ. ಅವ್ವನಿಗೆ ಅದು ಚೆನ್ನಾಗಿ ಗೊತ್ತಿತ್ತು. ನಾನು ಅಷ್ಟು ಶನಿವಾರ ಕೇಳಿದ್ದೆ, ಒಮ್ಮೆಯೂ ಆ ಪ್ರಶ್ನೆ ನನಗೆ ಬಂದಿರಲಿಲ್ಲ.

"ಗೊತ್ತಿಲ್ಲ ಕಣವ್ವ" ಎಂದೆ.

"ತಿಳ್ಕೊಂಡು ಬಾ."

ಆ ಇನ್ನೊಬ್ಬ ಅಡುಗೆಯವನು ನರಸೀಪುರದ ಒಂದು ಕಲ್ಯಾಣ ಮಂಟಪದಲ್ಲಿ ಸಿಕ್ಕ. ಮದುವೆಯ ಅಡುಗೆ. ದೊಡ್ಡ ಬಾಣಲೆಯಲ್ಲಿ ಬೋಂಡ ಬಿಡುತ್ತಿದ್ದ. ನನ್ನ ಪ್ರಶ್ನೆ ಕೇಳಿ ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ. ಜಾಲರಿ ಸೌಟನ್ನು ಪಕ್ಕದವನಿಗೆ ಕೊಟ್ಟು ಬಂದು ಯೋಚಿಸಿದ.

"ಎಲ್ಲಾರ್ಗೂ ಬಡ್ಸಿ ನಮ್ಮಿಬ್ರುಗೂ ತಟ್ಟೆಗೆ ಆಕ್ಕೊಂಡಿದ್ವಿ ಕಣಕ್ಕ. ಅನ್ನ, ಬದನೇಕಾಯಿ ಉಳಿ. ಬಾಯಿಗಿಕ್ಬೇಕು, ಅಷ್ಟ್ರಲ್ಲಿ ಕರದ್ಬುಟ್ರು. ತಟ್ಟೆ ಮ್ಯಾಲೆ ತಟ್ಟೆ ಮುಚ್ಬುಟ್ಟು ಓದೊ. ನಗಾಡಿ ಬಂದು ಉಂಡೊ."

"ಉಂಡ ತಾನೆ?"

"ಉಂಡ ಕಣಕ್ಕ. ನನ್ನೆದುರ್ಗೇ ಉಂಡ."

ಮರುದಿನವೇ ನಂಜನಗೂಡಿಗೆ ಹೋಗಿ ಅವ್ವನಿಗೆ ಹೇಳಿದೆ. ನಗಿಸಿದ ಮೇಲೆ ಬಂದು ಉಂಡನಂತೆ, ಬದನೆಕಾಯಿ ಹುಳಿಯಂತೆ ಎಂದೆ. ತಟ್ಟೆ ಮುಚ್ಚಿಟ್ಟು ಹೋದದ್ದನ್ನು ಹೇಳಲಿಲ್ಲ.

"ಅಷ್ಟೊತ್ಗೆ ಅನ್ನ ಆರೋಗಿರ್ತದೆ" ಎಂದಳು ಅವ್ವ.

ವರ್ಷ ತುಂಬಿದ ದಿನ ಎಡೆ ಇಡಲು ನೆಂಟರೆಲ್ಲ ಬಂದಿದ್ದರು. ಸತ್ತವರಿಗೆ ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆಯಲ್ಲಿ ಬಡಿಸಿ ಫೋಟೋದ ಮುಂದಿಟ್ಟು, ಬಾಗಿಲು ಮುಚ್ಚಿ ಎಲ್ಲರೂ ಆಚೆ ಬರುವುದು ನಮ್ಮಲ್ಲಿ ರೂಢಿ. ಒಳಗೆ ಅವರು ಉಣ್ಣಲಿ ಎಂದು. ಸಾಮಾನ್ಯವಾಗಿ ಒಂದೊಂದೇ ಬಡಿಸಿ, ಪೂಜೆ ಮಾಡಿ, ಎಲ್ಲರೂ ಕೈ ಮುಗಿಯುವ ಹೊತ್ತಿಗೆ ಎಲೆಯ ಮೇಲಿನದೆಲ್ಲ ತಣ್ಣಗಾಗಿರುತ್ತದೆ. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂದು ಅವ್ವ ಪೂಜೆಯನ್ನೆಲ್ಲ ಖಾಲಿ ಎಲೆಗೇ ಮಾಡಿಸಿದಳು. ಎಲ್ಲರೂ ಕೈ ಮುಗಿದಾದ ಮೇಲೆ ಒಲೆಯ ಮೇಲಿಂದ ನೇರವಾಗಿ ಮುದ್ದೆ, ಅನ್ನ, ಬಾಡಿನ ಸಾರು ತಂದು ಬಡಿಸಿದಳು. ನನ್ನನ್ನು ಎರಡು ಸಲ ಓಡಿಸಿದಳು. ಆವಿ ಏಳುತ್ತಿತ್ತು, ಫೋಟೋದ ಗಾಜು ಮಬ್ಬಾಯಿತು. ನಾವು ಆಚೆ ಬಂದೆವು. ಅವ್ವ ಬಾಗಿಲು ಮುಚ್ಚಿ ಹೊರಗಡೆ ಅಗುಳಿ ಹಿಡಿದು ನಿಂತಳು.

ಐದು ನಿಮಿಷ ಆಯಿತು, ಹತ್ತು ಆಯಿತು. ಅಂಗಳದಲ್ಲಿ ಮಕ್ಕಳು ಹಸಿವು ಅನ್ನತೊಡಗಿದರು. ನಮ್ಮ ಸೋದರಮಾವ ಕೆಮ್ಮಿ, "ಆಯ್ತು ಕಣಕ್ಕ, ಬಾಗ್ಲು ತಗಿ. ಎಷ್ಟೊತ್ತು ಅಂತ?" ಎಂದರು.

"ತಡೀಲಾ" ಎಂದಳು ಅವ್ವ.

"ಇನ್ನೂ ಏನು ತಡಿಯೋದು?"

"ಕೂತವ್ನೆ. ಉಣ್ಲಿ."

ಒಳಗಿನಿಂದ ಯಾವ ಸದ್ದೂ ಇರಲಿಲ್ಲ. ಅವ್ವ ಅಗುಳಿಯಿಂದ ಕೈ ತೆಗೆಯುವವರೆಗೆ ನಾವೆಲ್ಲ ಅಂಗಳದಲ್ಲಿ ಕುಳಿತಿದ್ದೆವು.